ತರಗು ಬೆಂಕಿ ಬಲ್ಲವರು

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಕಳೆ ಹಬ್ಬಿರುವುದನ್ನು ಕಂಡಾಗಲೆಲ್ಲ ಅಲ್ಲಿನ ಆದಿವಾಸಿಗಳಾದ ಸೋಲಿಗರ ತರಗು ಬೆಂಕಿ ನೆನಪಾಗುತ್ತದೆ. ಬೇಸಿಗೆ ಬಲಿಯುವ ಮೊದಲೇ, ಮರಗಿಡಗಳಲ್ಲಿ ಇನ್ನೂ ಹಸಿ ಇರುವಾಗಲೇ, ಉದುರಿದ ಎಲೆಗೆ ಅವರು ಹಚ್ಚುತ್ತಿದ್ದ ಸಣ್ಣ ಬೆಂಕಿ ಅದು. ನೆಲ ಸವರಿಕೊಂಡು ಹೋಗಿ ತಾನೇ ಆರುತ್ತಿತ್ತು. ಲಂಟಾನದ ಎಳೆ ಸಸಿ ಸುಟ್ಟು ಹೋಗುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ರಸ ಹೀರುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯ ಸೋಲಿಗರು. ನಾನಂತೂ ಅವರ ಮಾತು ನಂಬುತ್ತೇನೆ. ಆ ಕಾಡನ್ನು ಅವರಷ್ಟು ನಡೆದು ನೋಡಿದವರು ಇನ್ಯಾರಿದ್ದಾರೆ?

1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಬೆಂಕಿ ನಿಂತಿತು, ಬೇಟೆ ನಿಂತಿತು, ಕಾಡೊಳಗಿನ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಅಂಚಿಗೆ ತಂದರು. ದೊಡ್ಡಸಂಪಿಗೆಯಂಥ ದೇವರ ನೆಲೆಗಳು ಒಳಗೇ ಉಳಿದವು. ಮುಂದೆ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಿತ್ತು. ಕೂಲಿಗೆ ಹೋಗದೆ ಬೇರೆ ದಾರಿ ಏನಿತ್ತು?

2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಅಷ್ಟರಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವೂ ಆಗಿತ್ತು; ಅಂಥ ಪ್ರದೇಶವೊಂದರಲ್ಲಿ ಈ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು! ಆ ಕಾಯ್ದೆ ಉತ್ಪನ್ನ ಸಂಗ್ರಹಿಸುವ ಹಕ್ಕನ್ನಷ್ಟೇ ಅಲ್ಲ, ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಕೊಡುತ್ತದೆ. ಹಾಗಿದ್ದರೆ ಲಂಟಾನ ಎಲ್ಲಿ ಕೀಳಬೇಕು, ಬೆಂಕಿ ಎಲ್ಲಿ, ಯಾವಾಗ ಹಾಕಬೇಕು ಅನ್ನುವುದನ್ನು ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಲಿ. ಅರಣ್ಯ ಇಲಾಖೆಯವರೂ ಅಲ್ಲಿಗೇ ಬಂದು ಕೂರಲಿ.