ಅನ್ನವನ್ನೊಲ್ಲದ ನಾಯಿ

ನಾಯಿಗೂ ಮನೋವ್ಯಥೆಯುಂಟೇ ಎಂದು ಕೇಳಿ ನಗುವವರು ಈಗಲೂ ಇದ್ದಾರೆ. ಮನುಷ್ಯರ ವ್ಯಥೆಯನ್ನು ವಿಚಾರಿಸುವುದಕ್ಕೇ ಬಿಡುವಿಲ್ಲದ ಕಾಲದಲ್ಲಿ ಬಾಗಿಲು ಕಾಯುವ ಪ್ರಾಣಿಯ ಮನಸ್ಸನ್ನು ಕೇಳುವವರಾರು ಎಂಬುದು ಅವರ ಆಕ್ಷೇಪಣೆ. ಆದರೆ ನಮ್ಮ ನಾಡಿನವರು ನಾಯಿಯನ್ನು ಅಷ್ಟು ಲಘುವಾಗಿ ಎಣಿಸಿದವರಲ್ಲ. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲೆಯು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ವೀರಗಲ್ಲು. ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನು ಬೇಡಿದ್ದು ಆ ನಾಯಿಯನ್ನೇ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯ ಶೌರ್ಯಕ್ಕೆ ಕಲ್ಲು ನಿಲ್ಲಿಸಿದವರು ಅದರ ದುಃಖವನ್ನೂ ಕಂಡಿರಲೇಬೇಕು. ಅದನ್ನು ಮಾತ್ರ ಯಾರೂ ಕೆತ್ತಿಸಲಿಲ್ಲ.

2023ನೆಯ ಇಸವಿಯ ಮಾಘಮಾಸದಲ್ಲಿ ನಮ್ಮ ಮಾವನವರು ಕಾಲವಾದರು. ಅವರು ಏಳು ವರುಷ ಸಾಕಿದ ರಾಜನೆಂಬ ನಾಟಿನಾಯಿ ನಮ್ಮ ಮನೆಯಲ್ಲಿತ್ತು. ಬೆಳಗಿನ ಐದೂವರೆಗೆ ಗೂಟದಿಂದ ಊರುಗೋಲನ್ನು ತೆಗೆದ ಸದ್ದಾದರೆ ಸಾಕು, ಅದು ಎಲ್ಲಿದ್ದರೂ ಎದ್ದು ಬಾಗಿಲಿಗೆ ಬರುತ್ತಿತ್ತು. ಮಾವನವರು ಹೋದಮೇಲೆ ಮೊದಲ ಕೆಲವು ದಿನ ಬಂದು ಹೋಗುವವರ ಗಡಿಬಿಡಿಯಲ್ಲಿ ಅದರ ಕಡೆ ವಿಶೇಷ ಗಮನ ಕೊಡುವಂತಿರಲಿಲ್ಲ. ವೈಕುಂಠಸಮಾರಾಧನೆ ಮುಗಿದು ಮನೆ ಬರಿದಾದಾಗ ನೋಡಿದೆವು: ತಟ್ಟೆಯ ಅನ್ನ ಹಾಗೆಯೇ ಒಣಗಿತ್ತು. ನಾಯಿ ಹಿತ್ತಲಿನ ಸೌದೆಯ ಕೊಟ್ಟಿಗೆಯನ್ನು ಸೇರಿತ್ತು. ಕರೆದರೆ ಬಾಲದ ತುದಿಯನ್ನು ಒಮ್ಮೆ ಅಲುಗಿಸುವುದು, ಮತ್ತೆ ಮುಂಗಾಲನ್ನು ನೆಕ್ಕುತ್ತ ಮಲಗುವುದು. ಒಂದೇ ಕಡೆ ನೆಕ್ಕಿ ನೆಕ್ಕಿ ಅಲ್ಲಿಯ ಕೂದಲೇ ಉದುರಿತ್ತು. ಕೋಲನ್ನು ಗೂಟದಿಂದ ತೆಗೆದು ನೆಲಕ್ಕೆ ಕುಟ್ಟಿದರೂ ಅದು ತಲೆಯೆತ್ತಲಿಲ್ಲ.

"ಯಜಮಾನರ ಹಿಂದೆಯೇ ಹೋಗುವ ನಾಯಿ ಇದು, ಬಿಟ್ಟುಬಿಡಿ" ಎಂದರು ನೆರೆಯವರು. ಹೀಗೆ ಹೇಳುವವರಿಗೆ ಇದರಲ್ಲಿ ಒಂದು ಬಗೆಯ ಪುಣ್ಯಕಥೆಯ ಸೊಗಸು ಕಾಣುವುದೋ ಏನೋ. ನನ್ನ ಪತಿಯವರಿಗೆ ಆ ಮಾತು ಹಿಡಿಸದೆ, ಅದೇ ಸಂಜೆ ನಾವಿಬ್ಬರೂ ನಾಯಿಯನ್ನು ಪಶುವೈದ್ಯರಲ್ಲಿಗೆ ಕರೆದೊಯ್ದೆವು.

ವೈದ್ಯರು ನಮ್ಮ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ದುಃಖವಿರಬಹುದಮ್ಮ, ಆದರೆ ಮೊದಲು ರಕ್ತವನ್ನು ನೋಡೋಣ" ಎಂದರು. ಈ ಒಂದು ಮಾತಿಗಾಗಿಯೇ ನಾನು ಈ ಲೇಖನವನ್ನು ಬರೆಯಲು ಕುಳಿತೆನೆಂದರೂ ತಪ್ಪಾಗಲಾರದು. ನಾಯಿ ಮಂಕಾಗುವುದಕ್ಕೆ ದೇಹದ ಕಾರಣಗಳು ಹಲವು: ಹಲ್ಲುನೋವು, ಕೀಲುಗಳ ಬೇನೆ, ಮೂತ್ರಪಿಂಡದ ರೋಗ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮುದಿತನದಲ್ಲಿ ಮಿದುಳಿನ ಸವೆತ, ದೃಷ್ಟಿ ಕುಂದುವುದು. ನಮ್ಮ ಕಡೆಯ ನಾಯಿಗಳಿಗಂತೂ ಉಣ್ಣೆಗಳ ಕಡಿತದಿಂದ ಬರುವ ಜ್ವರ ಬಹು ಸಾಮಾನ್ಯ. ಆರೋಗ್ಯವಾಗಿರುವ ನಾಯಿಯ ಮೈಬಿಸಿ ಸುಮಾರು 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಆದುದರಿಂದ ಮುಟ್ಟಿನೋಡಿ ಜ್ವರವನ್ನು ಹೇಳಲಾಗದು. ರಾಜನಿಗೆ 103.6 ಇತ್ತು. ರಕ್ತದಲ್ಲಿ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದುವು; ಎರ್ಲಿಕಿಯ ಎಂಬ ಸೂಕ್ಷ್ಮಜೀವಿಯ ಸೋಂಕು ತಿಳಿದುಬಂತು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಔಷಧವನ್ನು ನಾಲ್ಕು ವಾರ ಕೊಡಬೇಕಾಯಿತು. ಶೋಕವೆಂದು ಪೂಜಿಸಿ ಬಿಟ್ಟಿದ್ದರೆ ನಾಯಿ ಸಾಯುತ್ತಿದ್ದುದು ಉಣ್ಣೆಯ ಜ್ವರದಿಂದ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ಜ್ವರವಿಳಿಯಿತು, ಎರಡನೆಯ ಪರೀಕ್ಷೆಯಲ್ಲಿ ರಕ್ತವೂ ಸುಧಾರಿಸಿತ್ತು. ನಾಯಿ ಮಾತ್ರ ಕೊಟ್ಟಿಗೆಯನ್ನು ಬಿಡಲಿಲ್ಲ. ದೇಹದ ರೋಗವನ್ನು ಕಳೆದ ಮೇಲೂ ಉಳಿಯುವ ಈ ಮಂಕನ್ನು ವೈದ್ಯರು ಖಿನ್ನತೆಯಂತಹ ಸ್ಥಿತಿ ಎನ್ನುತ್ತಾರೆ. ಬಾಯಿಬಿಟ್ಟು ಹೇಳಲಾರದ ಪ್ರಾಣಿಯಾದುದರಿಂದ ಮನುಷ್ಯರ ಖಿನ್ನತೆಯೇ ಇದು ಎಂದು ನಿಷ್ಕರ್ಷಿಸಲು ಅವರು ಹಿಂಜರಿಯುವರು. 2022ರಲ್ಲಿ ಪ್ರಕಟವಾದ ಇಟಲಿಯ ಪರಿಶೋಧನೆಯೊಂದರಲ್ಲಿ, ಮನೆಯ ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ 426 ಮಂದಿ ಯಜಮಾನರನ್ನು ವಿಚಾರಿಸಿದರು. ಉಳಿದ ನಾಯಿಯ ನಡತೆ ಬದಲಾಯಿತೆಂದು ನೂರಕ್ಕೆ 86 ಮಂದಿ ಹೇಳಿದರು. ಆಟ ಕಡಮೆಯಾಯಿತೆಂದು 57 ಮಂದಿ, ಊಟ ಕಡಮೆಯಾಯಿತೆಂದು 32 ಮಂದಿ. ದುಃಖದಲ್ಲಿರುವವನು ತನ್ನ ನಾಯಿಯಲ್ಲಿಯೂ ದುಃಖವನ್ನೇ ಕಂಡಾನು ಎಂಬ ಸಂದೇಹಕ್ಕೆ ಇಲ್ಲಿ ಎಡೆಯುಂಟು. ಆದರೆ 2019ರಲ್ಲಿ ಸ್ವೀಡನ್ ದೇಶದವರು ನಾಯಿಯ ಕೂದಲನ್ನೂ ಒಡತಿಯ ಕೂದಲನ್ನೂ ಪರೀಕ್ಷಿಸಿ, ಮನಸ್ಸಿನ ಒತ್ತಡದಿಂದ ಏರುವ ಕಾರ್ಟಿಸಾಲ್ ಎಂಬ ರಸವು ಎರಡರಲ್ಲಿಯೂ ಜೊತೆಜೊತೆಯಾಗಿ ಏರಿಳಿಯುವುದನ್ನು ತೋರಿಸಿದರು. ಕೂದಲಿಗೆ ಪಕ್ಷಪಾತವಿಲ್ಲವಷ್ಟೆ.

ಇದನ್ನು ವೈದ್ಯರು ಹೇಳಿದಾಗ ನನಗೆ ಥಟ್ಟನೆ ನೆನಪಾದವರು ನಮ್ಮ ಅತ್ತೆಯವರು. ಅವರೂ ಎರಡು ತುತ್ತಿಗೆ ಕೈತೊಳೆದು ನಡುಮನೆಯ ಕಂಬಕ್ಕೆ ಒರಗುತ್ತಿದ್ದರು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್‌ಮನ್ ಮತ್ತು ಮಾಯರ್ ಎಂಬ ವಿದ್ವಾಂಸರು ಕೆಲವು ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಆಘಾತ ಕೊಟ್ಟರು. ಅನಂತರ ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದಿಟ್ಟರೂ ಅವುಗಳಲ್ಲಿ ಬಹಳಷ್ಟು ಮಲಗಿಯೇ ಇದ್ದುವು. ಮನುಷ್ಯರ ಹತಾಶೆಯ ವಿಚಾರವಾಗಿ ಇದರಿಂದ ಬೆಳೆದ ಜ್ಞಾನ ದೊಡ್ಡದು, ಪ್ರಯೋಗವಂತೂ ಕ್ರೂರವೇ. ಆ ನಾಯಿಗಳು ಕಡೆಗೆ ಸುಧಾರಿಸಿದುದು ಹೇಗೆಂದರೆ, ಹಗ್ಗ ಹಿಡಿದು ಅವನ್ನು ಮತ್ತೆ ಮತ್ತೆ ಆಚೆಯ ಬದಿಗೆ ಎಳೆದುಕೊಂಡು ಹೋದಮೇಲೆ. ತಾನು ನಡೆದರೆ ಏನಾದರೂ ಆಗುವುದೆಂಬುದನ್ನು ಕಾಲುಗಳು ಮೊದಲು ಕಲಿತುವು, ಮನಸ್ಸು ಆಮೇಲೆ.

ನಮ್ಮ ವೈದ್ಯರು ವಿಧಿಸಿದ ಪಥ್ಯವೂ ಇದೇ ಜಾತಿಯದು, ಆದರೆ ಎಳೆದಾಟವಿಲ್ಲದ್ದು. ಹೊತ್ತು ತಪ್ಪಬಾರದು, ಐದೂವರೆಯೆಂದರೆ ಐದೂವರೆ. ಕರೆದೊಯ್ಯುವವರು ಒಬ್ಬರೇ ಆಗಿರಬೇಕು. ಮೊದಲ ದಿನ ಬಾಗಿಲಿನವರೆಗೆ ಬಂದರೆ ಸಾಕು, ಮೂಸುತ್ತ ನಿಂತರೆ ನಿಲ್ಲಲು ಬಿಡಬೇಕು. ಮೂಲೆ ಹಿಡಿದು ಮಲಗಿದಾಗ ಸುತ್ತ ಕುಳಿತು ಗೋಳಾಡಕೂಡದು. ಎದ್ದು ಎರಡು ಹೆಜ್ಜೆಯಿಟ್ಟ ಕ್ಷಣದಲ್ಲಿ ಮಾತನಾಡಿಸಿ, ಏನಾದರೊಂದು ತುಣುಕನ್ನು ಬಾಯಿಗೆ ಕೊಡಬೇಕು. ಕೂಡಲೇ ಇನ್ನೊಂದು ಮರಿಯನ್ನು ತಂದು ಮನೆಗೆ ಸೇರಿಸುವ ಆತುರವೂ ಬೇಡವೆಂದರು.

ಊಟದ ವಿಚಾರದಲ್ಲಿ ಗೃಹಿಣಿಯರು ಎಚ್ಚರವಾಗಿರತಕ್ಕದ್ದು. ತಿನ್ನದ ನಾಯಿಗೆ ರುಚಿ ಹುಟ್ಟಿಸಲು ನಾವು ಕೈಗೆ ಸಿಕ್ಕಿದ್ದನ್ನು ಹಾಕುವುದುಂಟು. ಈರುಳ್ಳಿ ಬೆಳ್ಳುಳ್ಳಿ ಬೆರೆತ ಹುಳಿಯನ್ನ, ಪಾಯಸದೊಳಗಿನ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟು, ಇವು ನಾಯಿಗೆ ವಿಷ. ಮನುಷ್ಯರ ಜ್ವರದ ಮಾತ್ರೆಯನ್ನು ಅರೆದು ಕುಡಿಸುವುದೂ ಪ್ರಾಣಕ್ಕೆ ಎರವಾಗಬಹುದು. ಬೆಚ್ಚಗಿನ ಮೆತ್ತನೆಯ ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಮೊಸರನ್ನೋ ಕಲಸಿ ಕೊಟ್ಟರೆ ಅದರ ವಾಸನೆಗೇ ಮೂಗು ಎಚ್ಚರಗೊಳ್ಳುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ಮನಸ್ಸಿನ ಔಷಧಗಳೂ ಇವೆ. ಒಬ್ಬೊಂಟಿಯಾಗಿ ಬಿಟ್ಟಾಗ ನಾಯಿಗಳು ಪಡುವ ಕಳವಳಕ್ಕಾಗಿ ಕ್ಲೋಮಿಪ್ರಮೀನ್ 1998ರಲ್ಲಿಯೂ ಫ್ಲೂಒಕ್ಸೆಟೀನ್ 2007ರಲ್ಲಿಯೂ ಅಮೆರಿಕದಲ್ಲಿ ಮಂಜೂರಾದುವು. ಅವು ಹಿಡಿಯುವುದಕ್ಕೆ ಕೆಲವು ವಾರಗಳೇ ಬೇಕು. ವೈದ್ಯರ ಅಪ್ಪಣೆಯಿಲ್ಲದೆ ಕೊಡಲೂ ಕೂಡದು, ನಡುವೆ ನಿಲ್ಲಿಸಲೂ ಕೂಡದು. ನಮ್ಮ ರಾಜನಿಗೆ ಅವುಗಳ ಅಗತ್ಯ ಬೀಳಲಿಲ್ಲ.

ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯ ವಾರ ಬಾಗಿಲು. ಎರಡನೆಯ ವಾರ ಬೀದಿಯ ಹೊಂಗೆಮರ. ಒಂದು ದಿನ ನಾನು ಕೋಲನ್ನು ತೆಗೆಯುವಾಗ ಅತ್ತೆಯವರು, "ಅವರು ಹಾಗೆ ಹಿಡಿಯುತ್ತಿರಲಿಲ್ಲ, ಇಲ್ಲಿ ಕೊಡಮ್ಮ" ಎಂದು ಅದನ್ನು ನೆಲಕ್ಕೆ ಎರಡು ಸಲ ಮೆಲ್ಲನೆ ತಾಕಿಸಿದರು. ಕೊಟ್ಟಿಗೆಯಲ್ಲಿ ನಾಯಿಯ ಕಿವಿ ನಿಮಿರಿತು. ಮಡಿಯ ಅತ್ತೆಯವರು ಏಳು ವರುಷ ಆ ನಾಯಿಯನ್ನು ಮುಟ್ಟಿದವರಲ್ಲ. ಮರುದಿನದಿಂದ ಸ್ನಾನಕ್ಕೆ ಮೊದಲು ಅವರೂ ಹೊರಟರು. ನಾನು ಹಗ್ಗ ಹಿಡಿದು, ಅವರು ಕೋಲು ಹಿಡಿದು, ಹೊಂಗೆಮರವನ್ನೂ ದಾಟಿ ಹಾಲಿನ ಅಂಗಡಿಯವರೆಗೆ. ಬರುವಾಗ ಇಬ್ಬರಿಗೂ ಹಸಿವಾಗುತ್ತಿತ್ತು.

ವೈಶಾಖದ ಒಂದು ಬೆಳಿಗ್ಗೆ ನಾಯಿ ಹೂವಿನವಳನ್ನು ಕಂಡು ಬೀದಿಗೆಲ್ಲ ಕೇಳುವಂತೆ ಬೊಗಳಿತು. "ಸುಮ್ಮನಿರೋ, ಅವಳೇನು ಹೊಸಬಳೇ?" ಎಂದು ಅತ್ತೆಯವರು ಒಳಗಿನಿಂದ ಗದರಿಸಿದರು. ಆ ಗದರಿಕೆಯ ದನಿಯನ್ನು ನಾವು ಕೇಳಿ ಮೂರು ತಿಂಗಳಾಗಿತ್ತು. ಅಂದು ಹೂವಿನವಳಲ್ಲಿ ನಾನು ಎರಡು ಮೊಳ ಹೆಚ್ಚಾಗಿ ಕೊಂಡೆನು.