ಪುಷ್ಪಕದ ಅರಿವೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಎರೆಮಣ್ಣಿನಲ್ಲಿಯೇ ನಮ್ಮ ಉಪಾಧ್ಯಾಯವೃತ್ತಿಯು ಸವೆದುಹೋಯಿತು. ಮುದ್ದೇಬಿಹಾಳದಲ್ಲಿದ್ದಾಗ ಒಂದು ದಿನ ರಘುವಂಶದ ಹದಿಮೂರನೆಯ ಸರ್ಗದ ಕಥೆಯನ್ನು ಹೇಳುತ್ತಿದ್ದೆವು. ರಾಮನು ಸೀತೆಯೊಡನೆ ಪುಷ್ಪಕವನ್ನೇರಿ, ಕೆಳಗಿನ ಸಮುದ್ರವನ್ನು ಆಕೆಗೆ ತೋರಿಸುತ್ತ, ಅಯೋಧ್ಯೆಗೆ ಮರಳುವ ಪ್ರಸಂಗವದು. ದರ್ಜಿಯ ಮಗನೊಬ್ಬನು ಎದ್ದುನಿಂತು, "ಸರ, ಅದನ್ನ ಅರಿವಿಲೆ ಮಾಡಿದ್ರೇನ್ರಿ?" ಎಂದು ಕೇಳಿದನು. ನಾವು ನಕ್ಕೆವು. ಗುರುವೇ ನಕ್ಕ ಮೇಲೆ ತರಗತಿಯು ನಗದಿರುವುದೆ? ಹುಡುಗನಿಗೆ 'ಅರಿವಿ ವಿಮಾನ'ವೆಂಬ ಅಡ್ಡಹೆಸರು ಅಂಟಿಕೊಂಡಿತು. ಆ ಬಳಿಕ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಿವೃತ್ತರಾದ ಮೇಲೆ ಮಗಳನ್ನು ಕಾಣಲು ಬೆಂಗಳೂರಿಗೆ ಹೋಗಿದ್ದೆವು. ಮೊಮ್ಮಗನು ಹಟಮಾಡಿ ನಮ್ಮನ್ನು ಎಚ್.ಎ.ಎಲ್. ಸಂಗ್ರಹಾಲಯಕ್ಕೆ ಕರೆದೊಯ್ದನು. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿ, ಎರಡೇ ವರ್ಷಗಳಲ್ಲಿ ಸರಕಾರದ ವಶಕ್ಕೆ ಬಂದ ಕಾರ್ಖಾನೆಯು ಅದು. ಅಲ್ಲಿ ಭೇಟಿಯಾದ ವೃದ್ಧ ಮೆಕ್ಯಾನಿಕರೊಬ್ಬರ ಬಾಯಿಂದ 'ಪುಷ್ಪಕ' ಎಂಬ ಹೆಸರು ಕೇಳಿ ನಮ್ಮ ಕಿವಿ ನಿಮಿರಿದವು.

ಈ ಪುಷ್ಪಕವು ಮೊದಲು ಗಗನಕ್ಕೇರಿದ್ದು 1958ರ ಸಪ್ಟೆಂಬರ 28ರಂದು. ತೊಂಬತ್ತು ಅಶ್ವಶಕ್ತಿಯ ಒಂದು ಯಂತ್ರ. ತಲೆಯ ಮೇಲೆ ರೆಕ್ಕೆ. ಗುರುಶಿಷ್ಯರು ಪಕ್ಕಪಕ್ಕದಲ್ಲಿ ಕೂಡ್ರಲು ಎರಡು ಆಸನ. ಎಷ್ಟು ಜನರು ಹತ್ತಿದರೂ ಇನ್ನೊಬ್ಬರಿಗೆ ಸ್ಥಳವುಳಿಯುವ ಪುರಾಣದ ಪುಷ್ಪಕವೆಲ್ಲಿ, ಮೂರನೆಯವನಿಗೆ ಎಡೆಯಿಲ್ಲದ ಇದೆಲ್ಲಿ! ಆದರೂ ಇಂಥವು ನೂರೈವತ್ತಕ್ಕೂ ಹೆಚ್ಚು ತಯಾರಾಗಿ, ಸರಕಾರದ ಸಹಾಯಧನ ಪಡೆಯುತ್ತಿದ್ದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ನಮ್ಮ ದೇಶದ ತರುಣರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಿದವು.

"ಮೈಯೆಲ್ಲ ಯಾವ ಲೋಹದ್ದು?" ಎಂದು ಕೇಳಿದೆವು.

"ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಸ್ವಾಮಿ. ಮೇಲೆ ಬಟ್ಟೆ. ದ್ರವ ಬಳಿದರೆ ಅದು ಒಣಗಿ ತಮಟೆಯ ಚರ್ಮದಂತೆ ಬಿಗಿಯುತ್ತಿತ್ತು."

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಊರಿಗೆ ಮರಳುವಾಗ ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿ, ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿಯೇ ಇಳಿದು, ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಹೋದೆವು. ತಂದೆಯ ಅಂಗಡಿಯನ್ನೇ ಅವನು ನಡೆಸುತ್ತಿದ್ದನು. ತಲೆಯಲ್ಲಿ ನರೆಗೂದಲು. ನಮ್ಮನ್ನು ಕಂಡೊಡನೆ ಯಂತ್ರವನ್ನು ನಿಲ್ಲಿಸಿ ಕುರ್ಚಿ ಒರೆಸಿ ಹಾಕಿದನು.

"ಅರಿವಿ ವಿಮಾನ ಖರೇನ ಇತ್ತಪಾ. ಅವತ್ತ ನಾವು ನಕ್ಕಿದ್ದು ತಪ್ಪಾತು," ಎಂದು, ಕೇಳಿದ್ದನ್ನೆಲ್ಲ ಹೇಳಿದೆವು.

ಅವನು ಚಹಕ್ಕೆ ಹೇಳಿಕಳಿಸಿ, ಕ್ಷಣಕಾಲ ಸುಮ್ಮನಿದ್ದು ಕೇಳಿದನು: "ಹೊಲಿಗಿ ಹೆಂಗ ಹಾಕ್ತಿದ್ರರಿ ಸರ? ಅಷ್ಟು ಗಾಳಿಗೆ ಬಿಚ್ಚತಿರಲಿಲ್ಲೇನ್ರಿ?"

ನಾವು ಅದನ್ನು ಕೇಳಿಕೊಂಡು ಬಂದಿರಲಿಲ್ಲ.