ನಾದದ ಬಣ್ಣ

ಗಿಟಾರೂ ಮೌತ್ ಆರ್ಗನ್ನೂ ಒಂದೇ ಷಡ್ಜವನ್ನು ನುಡಿದರೂ ಕಿವಿ ಅವೆರಡನ್ನೂ ಬೇರೆಯಾಗಿಯೇ ಗುರುತಿಸುತ್ತದೆ. ಮೂಲಸ್ವರದೊಡನೆ ಹುಟ್ಟುವ ಸೂಕ್ಷ್ಮ ಉಪಸ್ವರಗಳೇ ಇದಕ್ಕೆ ಮುಖ್ಯ ಕಾರಣ. ಮೀಟಿದ ತಂತಿಯು ಇಡಿಯಾಗಿ ಕಂಪಿಸುವಾಗಲೇ ಅರ್ಧರ್ಧವಾಗಿಯೂ ಮೂರು ಭಾಗಗಳಾಗಿಯೂ ಕಂಪಿಸುತ್ತದೆ. ತಂತಿಯನ್ನು ಹೊತ್ತ ಕುದುರೆಯ ಬಳಿ ಮೀಟಿದರೆ ಮೇಲಿನ ಉಪಸ್ವರಗಳು ಬಲಗೊಂಡು ನಾದ ಮೊನಚಾಗುತ್ತದೆ. ನಡುವಿಗೆ ಸರಿದಷ್ಟೂ ಮೃದುವಾಗುತ್ತದೆ. ಮೌತ್ ಆರ್ಗನ್ನಿನಲ್ಲಿ ಅಂಗೈಗಳ ಬೊಗಸೆಯನ್ನು ತೆರೆದು ಮುಚ್ಚಿ ಇದನ್ನೇ ಸಾಧಿಸುತ್ತಾರೆ.

ನಮ್ಮ ಹಿರಿಯರು ಈ ಮರ್ಮವನ್ನು ತಂಬೂರಿಯಲ್ಲಿ ಕಂಡಿದ್ದರು. ಅದರ ಅಗಲವಾದ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನ ಎಳೆಯೊಂದನ್ನಿಟ್ಟು ತುಸುವೇ ಸರಿಸಿದರೆ ಉಪಸ್ವರಗಳು ಝೇಂಕರಿಸುತ್ತವೆ. ಆ ನೂಲಿಗೆ ಜೀವಾಳವೆಂದೇ ಹೆಸರು. ಸಾಮಾನ್ಯ ತಂತಿಯಲ್ಲಿ ಮೀಟಿದ ಸ್ಥಾನಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಅಡಗಿಹೋಗುತ್ತವೆ. ತಂಬೂರಿಯಲ್ಲಿ ಅವೂ ಕೇಳಿಸುತ್ತವೆಂಬುದನ್ನು ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ವಿವರಿಸಿದರು.

ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ಮುಂಗಾರುಮಳೆ ಹಂಚಿನ ಮೇಲೆ ಭೋರ್ಗರೆಯುವಾಗ ಮೊನಚಾದ ನಾದವೇ ನನ್ನ ಕಿವಿಯನ್ನು ಮುಟ್ಟುತ್ತದೆ. ಮಳೆ ನಿಂತ ಇರುಳಿನಲ್ಲಿ ಅದೇ ನಾದ ಕರ್ಕಶವೆನಿಸಿ ಮನಸ್ಸು ಮೃದುವಾದುದನ್ನು ಬಯಸುತ್ತದೆ. ಆದುದರಿಂದ ಇಂಥದೇ ನಾದ ಶ್ರೇಷ್ಠವೆಂದು ಹಟ ಹಿಡಿಯಲಾಗದು. ಬೆಲೆಬಾಳುವ ವಾದ್ಯ ತಮ್ಮಲ್ಲಿಲ್ಲವೆಂದು ಕೊರಗುವ ಕಿರಿಯರಿಗೆ ನಾನು ಹೇಳುವುದಿಷ್ಟೆ: ಇರುವ ವಾದ್ಯದ ಮೇಲೆಯೇ ಬೆರಳನ್ನು ಒಂದಂಗುಲ ಸರಿಸಿರಿ, ಮತ್ತೊಮ್ಮೆ ಮೀಟಿ, ಮೌನವಾಗಿ ಆಲಿಸಿರಿ.